ವಿಪಿಎನ್ ಹಾಕಿದರೂ ‘ತುಮಕೂರು’ ಅನ್ನುತ್ತಿದೆಯೇ? ಮೊದಲು ಆ ಹೆಸರನ್ನೇ ಗಮನಿಸಿ

ವಿಪಿಎನ್‌ನಲ್ಲಿ (ನಮ್ಮ ಇಂಟರ್ನೆಟ್ ಸಂಪರ್ಕವನ್ನು ಬೇರೆ ಊರಿನ ಸರ್ವರ್ ಮೂಲಕ ಹೊರಗೆ ಬಿಡುವ ಆ್ಯಪ್) ಆಮ್‌ಸ್ಟರ್‌ಡ್ಯಾಮ್ ಆರಿಸಿಕೊಂಡು, ‘ಕನೆಕ್ಟೆಡ್’ ಅಂತ ಹಸಿರು ಬಣ್ಣ ಬಂದ ಮೇಲೂ ವೆಬ್‌ಸೈಟ್ ‘ತುಮಕೂರು’ ಅಂದರೆ ಹೆಚ್ಚಿನವರು ಸರ್ವರ್ ಬದಲಿಸುತ್ತಾರೆ. ಆಮ್‌ಸ್ಟರ್‌ಡ್ಯಾಮ್ ಹೋಗಿ ಫ್ರಾಂಕ್‌ಫರ್ಟ್, ಅದೂ ಹೋಗಿ ಸಿಂಗಪುರ. ಕೊನೆಗೆ ಈ ಕಂಪನಿಯೇ ಸರಿಯಿಲ್ಲ ಅಂತ ಇನ್ನೊಂದಕ್ಕೆ ದುಡ್ಡು ಕಟ್ಟುತ್ತಾರೆ. ಅಲ್ಲೂ ಅದೇ ತುಮಕೂರು. ಸರ್ವರ್ ಮುಟ್ಟುವ ಮೊದಲು ನೋಡಬೇಕಾದ್ದು ಬೇರೆ: ವೆಬ್‌ಸೈಟ್ ಹೇಳಿದ ಊರು ಯಾವುದು, ಎಷ್ಟು ನಿಖರವಾಗಿ ಹೇಳಿತು?

ಈ ವಿಷಯದಲ್ಲಿ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದವರಿಗೆ ಬೆಂಗಳೂರಿನವರಿಗಿಲ್ಲದ ಒಂದು ಅನುಕೂಲ ಇದೆ. ನಮ್ಮ ಇಂಟರ್ನೆಟ್ ಸಂಪರ್ಕದ ಐಪಿ ವಿಳಾಸ (ಜಾಲದಲ್ಲಿ ನಮ್ಮ ಸಂಪರ್ಕದ ಗುರುತಿನ ಸಂಖ್ಯೆ) ಹೆಚ್ಚಿನ ಸಲ ನಮ್ಮ ಊರನ್ನು ತೋರಿಸುವುದೇ ಇಲ್ಲ, ಬೆಂಗಳೂರನ್ನು ತೋರಿಸುತ್ತದೆ. ಮೊಬೈಲ್ ಡೇಟಾ ಆದರೆ ಎಷ್ಟೋ ಸಲ ಚೆನ್ನೈ ಅಥವಾ ಮುಂಬೈ. ಕಂಪನಿಯ ದೊಡ್ಡ ಗೇಟ್‌ವೇ, ಅಂದರೆ ಗ್ರಾಹಕರ ಡೇಟಾ ಹೊರಜಾಲಕ್ಕೆ ಹೋಗುವ ಬಾಗಿಲು, ಇರುವುದು ಅಲ್ಲಿ. ಸಾವಿರಾರು ಗ್ರಾಹಕರು ಒಂದೇ ಸಾರ್ವಜನಿಕ ಐಪಿಯ ಹಿಂದೆ ಇರುತ್ತಾರೆ. ನಿಮ್ಮ ರೂಟರಿನ ಒಳಗೆ ನೋಡಿದಾಗ 100.64ರಿಂದ 100.127ರೊಳಗೆ ಶುರುವಾಗುವ ವಿಳಾಸ ಕಂಡರೆ ನೀವೂ ಅಂಥ ಗುಂಪಿನಲ್ಲೇ ಇದ್ದೀರಿ. ಹಾಗಾಗಿ ವೆಬ್‌ಸೈಟ್ ‘ತುಮಕೂರು’ ಅಂದರೆ, ಅದರಲ್ಲೂ ‘ಎಸ್.ಎಸ್. ಪುರಂ’ ಅಂದರೆ, ಅದು ಐಪಿ ನೋಡಿ ಹೇಳಿದ್ದಲ್ಲ. ‘ಬೆಂಗಳೂರು’ ಅಂದರೆ ನಿಮ್ಮ ನಿಜವಾದ ಐಪಿ ಎಲ್ಲೋ ಸೋರುತ್ತಿದೆ. ಬರೀ ‘ಭಾರತ’ ಅಂದರೆ ಡಿಎನ್‌ಎಸ್ (ಸೈಟಿನ ಹೆಸರನ್ನು ಐಪಿಗೆ ಬದಲಿಸುವ ವ್ಯವಸ್ಥೆ), ಗಡಿಯಾರ, ಭಾಷೆ, ಸಿಮ್, ಕಾರ್ಡು ಇವುಗಳಲ್ಲಿ ಯಾವುದೋ ಒಂದು ಬಾಯಿಬಿಟ್ಟಿದೆ. ‘ವಿಪಿಎನ್ ಆಫ್ ಮಾಡಿ’ ಅಂದರೆ ನೀವು ಎಲ್ಲಿದ್ದೀರಿ ಅಂತ ಅದಕ್ಕೆ ಗೊತ್ತಾಗಿರಲೇಬೇಕು ಅಂತಿಲ್ಲ, ವಿಪಿಎನ್‌ನಲ್ಲಿದ್ದೀರಿ ಅಂತ ಮಾತ್ರ ಗೊತ್ತಾಗಿದೆ.

ಈ ಲೆಕ್ಕ ತಪ್ಪಬಾರದು ಅಂದರೆ ಮೊದಲು ವಿಪಿಎನ್ ಆಫ್ ಮಾಡಿ, ಬ್ರೌಸರ್‌ಲೀಕ್ಸ್ ಅಥವಾ ಐಪಿಲೀಕ್ ಡಾಟ್ ನೆಟ್ ಎಂಬ ಸೋರಿಕೆ ಪರೀಕ್ಷೆಯ ಸೈಟು ತೆರೆದು, ನಿಮ್ಮ ಸಂಪರ್ಕದ ಐಪಿ ಯಾವ ಊರು ತೋರಿಸುತ್ತದೆ ಅಂತ ಬರೆದಿಟ್ಟುಕೊಳ್ಳಿ. ಕೆಲವು ಸ್ಥಳೀಯ ಫೈಬರ್ ಸಂಪರ್ಕಗಳ ಐಪಿ ‘ತುಮಕೂರು’ ಅಂತಲೇ ದಾಖಲಾಗಿರಬಹುದು. ಆಗ ಮೇಲಿನ ಲೆಕ್ಕದಲ್ಲಿ ಬೆಂಗಳೂರಿನ ಜಾಗಕ್ಕೆ ತುಮಕೂರು ಹಾಕಿಕೊಳ್ಳಿ.

ವಿಪಿಎನ್ ಮಾಡುವ ಕೆಲಸ ಇಷ್ಟೇ: ನಿಮ್ಮ ಡೇಟಾವನ್ನು ಮುಚ್ಚಿ ಅದರ ಸರ್ವರ್‌ವರೆಗೆ ಒಯ್ದು, ಅಲ್ಲಿಂದ ತನ್ನ ಐಪಿಯಲ್ಲಿ ಹೊರಗೆ ಬಿಡುತ್ತದೆ. ಹಿಂದೆಲ್ಲ ಕಾಗದ ಬರೆಯುವಾಗ ಬಲಗಡೆ ಮೇಲ್ತುದಿಯಲ್ಲಿ ಊರು, ತಾರೀಖು ಬರೆಯುತ್ತಿದ್ದರಲ್ಲ, ಅದನ್ನು ನೆನಪಿಸಿಕೊಳ್ಳಿ. ಲಕೋಟೆಯ ಮೇಲೆ ಆಮ್‌ಸ್ಟರ್‌ಡ್ಯಾಮ್ ಮುದ್ರೆ ಬಿದ್ದಿದೆ, ಸರಿ. ಒಳಗಿನ ಹಾಳೆಯಲ್ಲಿ ‘ತುಮಕೂರು’ ಅಂತ ಬರೆದಿದ್ದರೆ ಅಂಚೆಯವನು ಅದನ್ನು ಅಳಿಸಿ ಕೊಡುವುದಿಲ್ಲ.

ಹಾಳೆಯ ಮೇಲೆ ಊರ ಹೆಸರು ಬರೆಯುವವನು ನಿಮ್ಮ ಬ್ರೌಸರ್. ‘ಈ ಸೈಟ್ ನಿಮ್ಮ ಲೊಕೇಶನ್ ತಿಳಿಯಲು ಬಯಸುತ್ತದೆ’ ಅಂತ ಒಂದು ಚಿಕ್ಕ ಕಿಟಕಿ ಬರುತ್ತದಲ್ಲ, ಅದಕ್ಕೆ ಯಾವತ್ತೋ ಒಂದು ದಿನ ‘ಅಲೋ’ ಒತ್ತಿದ್ದರೆ ಸಾಕು, ಆ ಸೈಟಿಗೆ ಮತ್ತೆ ಕೇಳುವ ಅಗತ್ಯವಿಲ್ಲ. ಫೋನಿನಲ್ಲಿ ಜಿಪಿಎಸ್ ಇರುವುದರಿಂದ ಇದು ಅರ್ಥವಾಗುತ್ತದೆ. ಆದರೆ ಲ್ಯಾಪ್‌ಟಾಪ್‌ನಲ್ಲಿ ಜಿಪಿಎಸ್ ಇಲ್ಲವಲ್ಲ, ಬೀದಿಯ ಮಟ್ಟಕ್ಕೆ ಹೇಗೆ ಗೊತ್ತಾಯಿತು ಅನ್ನುವುದು ಎಲ್ಲರ ಪ್ರಶ್ನೆ. ಉತ್ತರ: ಪಕ್ಕದ ಮನೆಯವರ ವೈಫೈ.

ಪ್ರತಿ ವೈಫೈ ರೂಟರ್ ತನ್ನ ಹೆಸರಿನ ಜೊತೆಗೆ 48 ಬಿಟ್‌ನ ಒಂದು ಗುರುತಿನ ಸಂಖ್ಯೆಯನ್ನು ಗಾಳಿಯಲ್ಲಿ ಸಾರುತ್ತಲೇ ಇರುತ್ತದೆ. ಅದಕ್ಕೆ ಬಿಎಸ್‌ಎಸ್‌ಐಡಿ ಅನ್ನುತ್ತಾರೆ. ಪಾಸ್‌ವರ್ಡ್ ಗೊತ್ತಿಲ್ಲದಿದ್ದರೂ, ಸಂಪರ್ಕಿಸದಿದ್ದರೂ ನಿಮ್ಮ ಲ್ಯಾಪ್‌ಟಾಪ್‌ಗೆ ಅದು ಕೇಳಿಸುತ್ತದೆ. ಬೀದಿಯಲ್ಲಿ ಓಡಾಡುವ ಸಾವಿರಾರು ಫೋನುಗಳು ‘ಈ ಸಂಖ್ಯೆ ಇಲ್ಲಿ ಕೇಳಿಸಿತು’ ಅಂತ ಗೂಗಲ್, ಆಪಲ್, ಮೈಕ್ರೋಸಾಫ್ಟ್‌ಗಳಿಗೆ ತಿಳಿಸಿ ತಿಳಿಸಿ ದೊಡ್ಡ ಪಟ್ಟಿಯೇ ಬೆಳೆದಿದೆ. ವೆಬ್‌ಸೈಟ್ ಲೊಕೇಶನ್ ಕೇಳಿದಾಗ ಬ್ರೌಸರ್ ತಾನೇ, ಇಲ್ಲವೇ ವಿಂಡೋಸ್ ಮೂಲಕ, ಸುತ್ತ ಕೇಳಿಸುವ ಸಂಖ್ಯೆಗಳನ್ನು ಕಳುಹಿಸುತ್ತದೆ. ಅಲ್ಲಿಂದ ಅಕ್ಷಾಂಶ, ರೇಖಾಂಶ ವಾಪಸ್ ಬರುತ್ತದೆ. ಈ ಪ್ರಶ್ನೆ, ಈ ಉತ್ತರ ಎರಡೂ ವಿಪಿಎನ್ ಸುರಂಗದ ಒಳಗೇ ಭದ್ರವಾಗಿ ಹೋಗಿ ಬರುತ್ತವೆ. ವಿಪಿಎನ್ ಎಷ್ಟು ಗಟ್ಟಿಯಿದ್ದರೂ ಇಲ್ಲಿ ಉಪಯೋಗವಿಲ್ಲ, ಏಕೆಂದರೆ ಇದರಲ್ಲಿ ಐಪಿಯ ಪಾತ್ರವೇ ಇಲ್ಲ.

ಇದಕ್ಕೊಂದು ಸ್ವಾರಸ್ಯದ ಮುಖವಿದೆ. ಗೂಗಲ್‌ನ ಸೇವೆಗೆ ಜಾಗ ಹೇಳಲು ಕನಿಷ್ಠ 2 ವೈಫೈ ಸಂಖ್ಯೆಗಳು ಬೇಕು. ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ಮನೆಯಲ್ಲಿ ಕೂತರೆ ಇಪ್ಪತ್ತು ಮೂವತ್ತು ರೂಟರ್ ಕೇಳಿಸುತ್ತವೆ, ಬೀದಿಯ ಮಟ್ಟಕ್ಕೆ ಬಂದುಬಿಡುತ್ತದೆ. ಅದೇ ಲ್ಯಾಪ್‌ಟಾಪ್, ಅದೇ ವಿಪಿಎನ್ ತೆಗೆದುಕೊಂಡು ಚಿಂತಾಮಣಿ ಕಡೆಯ ತೋಟದ ಮನೆಗೆ ಹೋಗಿ, ಸುತ್ತ ಒಂದೇ ರೂಟರ್ ಇರುವಲ್ಲಿ ಕೂತರೆ ಸೇವೆ ಕೈಚೆಲ್ಲಿ ಐಪಿಯನ್ನೇ ನೆಚ್ಚಿಕೊಳ್ಳುತ್ತದೆ; ಆಗ ಮ್ಯಾಪ್ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗುತ್ತದೆ. ‘ಹಳ್ಳಿಯಲ್ಲಿ ವಿಪಿಎನ್ ಕೆಲಸ ಮಾಡುತ್ತದೆ, ಪೇಟೆಯಲ್ಲಿ ಮಾಡಲ್ಲ’ ಅನ್ನುವವರು ಸುಳ್ಳು ಹೇಳುತ್ತಿಲ್ಲ, ಕಾರಣ ಮಾತ್ರ ಇದು. ಇನ್ನೊಂದು: ಕೋಲಾರದಲ್ಲಿ ಬಾಡಿಗೆ ಮನೆ ಖಾಲಿ ಮಾಡಿ ರೂಟರ್ ಸಮೇತ ತುಮಕೂರಿಗೆ ಬಂದರೆ, ಆ ಪಟ್ಟಿ ಹೊಸದಾಗುವ ತನಕ ಲ್ಯಾಪ್‌ಟಾಪ್ ಕೆಲವೊಮ್ಮೆ ಕೋಲಾರದಲ್ಲೇ ಇದೆ ಅಂದುಕೊಳ್ಳುತ್ತದೆ. ಅಕ್ಕಪಕ್ಕದ ಹಳೆಯ ರೂಟರ್‌ಗಳು ಸರಿಯಾದ ಸಾಕ್ಷಿ ಹೇಳಿದರೆ ಬೇಗ ಸರಿಹೋಗುತ್ತದೆ.

ಪರಿಹಾರ ಸುಲಭ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಅಂಡ್ ಸೆಕ್ಯುರಿಟಿ, ಸೈಟ್ ಸೆಟ್ಟಿಂಗ್ಸ್, ಲೊಕೇಶನ್ ಹೀಗೆ ಒಳಗೆ ಹೋಗಿ. ಅಲ್ಲಿ ಅನುಮತಿ ಪಡೆದ ಸೈಟುಗಳ ಪಟ್ಟಿ ಇರುತ್ತದೆ. ಒಂದೊಂದನ್ನೂ ತೆಗೆಯಿರಿ, ಮೇಲ್ಗಡೆ ‘ಯಾರಿಗೂ ಬೇಡ’ ಅನ್ನುವ ಆಯ್ಕೆ ಹಾಕಿ. ಇನ್ನೂ ಗಟ್ಟಿಯಾಗಬೇಕೆಂದರೆ ವಿಂಡೋಸ್‌ನ ಪ್ರೈವಸಿ ಸೆಟ್ಟಿಂಗಿನಲ್ಲಿ ಲೊಕೇಶನ್ ಸೇವೆಯನ್ನೇ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಕ್ರೋಮ್ ಆ್ಯಪ್‌ಗೆ ಕೊಟ್ಟ ಅನುಮತಿ ಬೇರೆ, ಕ್ರೋಮ್ ಒಳಗೆ ಸೈಟಿಗೆ ಕೊಟ್ಟ ಅನುಮತಿ ಬೇರೆ; ಆ್ಯಪ್‌ನದನ್ನು ತೆಗೆದರೆ ಎರಡೂ ಮುಗಿಯಿತು. ಆಂಡ್ರಾಯ್ಡ್ 12ರಿಂದ ಬಂದ ‘ಅಂದಾಜು ಲೊಕೇಶನ್’ ಆಯ್ಕೆಯನ್ನು ನಂಬಿ ಕೂರಬೇಡಿ. ಅದು ಸುಮಾರು 3 ಚದರ ಕಿಲೋಮೀಟರ್‌ಗೆ ಮಸುಕು ಮಾಡುತ್ತದೆ, ಅಷ್ಟೇ. ನಿಮ್ಮ ಮನೆ ಮುಚ್ಚಬಹುದು, ತುಮಕೂರು ಮುಚ್ಚುವುದಿಲ್ಲ. ವೈಫೈ ಹೆಸರಿನ ಕೊನೆಗೆ ಅಂಡರ್‌ಸ್ಕೋರ್ ಹಾಕಿ ‘ನೋಮ್ಯಾಪ್’ ಅಂತ ಇಂಗ್ಲಿಷ್ ಅಕ್ಷರದಲ್ಲಿ ಸೇರಿಸಿದರೆ ಗೂಗಲ್ ನಿಮ್ಮ ರೂಟರನ್ನು ಪಟ್ಟಿಯಿಂದ ಬಿಡುತ್ತದೆ. ಆದರೆ ಅಕ್ಕಪಕ್ಕದ ಇಪ್ಪತ್ತು ಮನೆಯವರೂ ಸೇರಿಸಬೇಕಲ್ಲ.

‘ತುಮಕೂರು’ ಕಾಣಲು ಇನ್ನೊಂದು ಕಾರಣ ನಿಮ್ಮ ಖಾತೆ. ಗೂಗಲ್‌ಗೆ ಲಾಗಿನ್ ಆಗಿದ್ದು, ಮ್ಯಾಪ್‌ನಲ್ಲಿ ‘ಮನೆ’ ಅಂತ ಗುರುತು ಹಾಕಿದ್ದರೆ ಐಪಿ ಯಾವ ದೇಶದ್ದಾದರೇನು! ಸರ್ಚ್ ಪುಟದ ತೀರಾ ಕೆಳಗೆ ಊರಿನ ಹೆಸರು, ಪಕ್ಕದಲ್ಲೇ ಅದು ಎಲ್ಲಿಂದ ಸಿಕ್ಕಿತು ಅನ್ನುವುದೂ ಇರುತ್ತದೆ: ಐಪಿ ವಿಳಾಸದಿಂದ, ನಿಮ್ಮ ಸಾಧನದಿಂದ, ಅಥವಾ ಹಿಂದಿನ ಚಟುವಟಿಕೆಯಿಂದ. ಆ ಒಂದು ಸಾಲು ಓದಿದರೆ ಅರ್ಧ ತನಿಖೆ ಮುಗಿದಂತೆ. ಆದರೆ ಪುಟದ ಬುಡದ ತನಕ ಯಾರೂ ಇಳಿಯುವುದಿಲ್ಲ. ಪರೀಕ್ಷೆ ಮಾಡುವಾಗ ಇನ್‌ಕಾಗ್ನಿಟೊ ಕಿಟಕಿ ತೆರೆಯಿರಿ. ಅಲ್ಲಿ ಊರು ಮಾಯವಾದರೆ ತಪ್ಪು ವಿಪಿಎನ್‌ನದಲ್ಲ. ಕುಕೀ, ಖಾತೆ ಅಥವಾ ಹಿಂದೆ ಕೊಟ್ಟ ಅನುಮತಿಯದು.

ಈಗ ‘ಬೆಂಗಳೂರು’ ಅಂತ ತೋರಿಸುವವರ ಕಥೆ. ಇಲ್ಲಿ ಮೊದಲ ಅನುಮಾನ ಐಪಿವಿ6 ಮೇಲೆ ಇರಲಿ. ಇದು ಹಳೆಯ ಐಪಿವಿ4ರ ನಂತರ ಬಂದ ಹೊಸ ಬಗೆಯ ಐಪಿ ವಿಳಾಸ. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ6 ಬಳಕೆ ವಿಪರೀತ. ಜಿಯೊ ಸಿಮ್‌ನಲ್ಲಿ ನಿಮ್ಮ ವಿಳಾಸ 2409 ಅಂತ, ಏರ್‌ಟೆಲ್‌ನಲ್ಲಿ 2401:4900 ಅಂತ ಶುರುವಾಗುವುದನ್ನು ನೋಡಬಹುದು. ಹಳೆಯ ಅಥವಾ ಪುಕ್ಕಟೆ ವಿಪಿಎನ್ ಆ್ಯಪ್ ಐಪಿವಿ4 ಮಾತ್ರ ಸುರಂಗಕ್ಕೆ ಹಾಕಿ, ಐಪಿವಿ6 ಅನ್ನು ಹಾಗೇ ಬಿಟ್ಟಿರುತ್ತದೆ. ಎರಡೂ ದಾರಿ ತೆರೆದಿದ್ದರೆ ಬ್ರೌಸರ್ ಐಪಿವಿ6 ಕಡೆಗೇ ವಾಲುತ್ತದೆ. ಹಾಗಾಗಿ ಐಪಿವಿ6 ಇರುವ ಸೈಟುಗಳು ನಿಮ್ಮ ನಿಜವಾದ ವಿಳಾಸ ನೋಡುತ್ತವೆ, ಇಲ್ಲದ ಸೈಟುಗಳು ವಿಪಿಎನ್ ವಿಳಾಸ ನೋಡುತ್ತವೆ. ‘ಒಂದು ಸೈಟಿನಲ್ಲಿ ನೆದರ್‌ಲ್ಯಾಂಡ್ಸ್, ಇನ್ನೊಂದರಲ್ಲಿ ಬೆಂಗಳೂರು’ ಅನ್ನುವ ದೂರು ಬಂದಾಗ ಮೊದಲು ಇದನ್ನೇ ನೋಡುವುದು ವಾಸಿ.

ಸ್ವಂತ ಸರ್ವರ್ ಬಾಡಿಗೆಗೆ ಪಡೆದು ವೈರ್‌ಗಾರ್ಡ್ ಎಂಬ ವಿಪಿಎನ್ ತಂತ್ರಾಂಶ ಹಾಕಿಕೊಂಡವರೂ ಇಲ್ಲಿ ಎಡವುತ್ತಾರೆ. ಕ್ಲೈಂಟ್ ಫೈಲಿನ ‘ಅಲೋಡ್ ಐಪೀಸ್’ ಸಾಲಿನಲ್ಲಿ 0.0.0.0/0 ಮಾತ್ರ ಬರೆದಿರುತ್ತಾರೆ. ಅದು ಐಪಿವಿ4ಗೆ ಮಾತ್ರ. ಅಲ್ಪವಿರಾಮ ಹಾಕಿ ::/0 ಅನ್ನೂ ಸೇರಿಸಬೇಕು. ಸರ್ವರ್‌ನಲ್ಲಿ ಐಪಿವಿ6 ಇಲ್ಲದಿದ್ದರೂ ಸೇರಿಸಿ. ಆ ಟ್ರಾಫಿಕ್ ಸುರಂಗದೊಳಗೆ ಹೋಗಿ ಸಾಯುತ್ತದೆ, ಹೊರಗೆ ಸೋರುವುದಕ್ಕಿಂತ ಅದು ಮೇಲು. ಕೊಂಡ ವಿಪಿಎನ್ ಆದರೆ ಆ್ಯಪ್ ಸೆಟ್ಟಿಂಗಿನಲ್ಲಿ ಐಪಿವಿ6 ತಡೆಯುವ ಆಯ್ಕೆ ಹುಡುಕಿ. ಅದು ಇಲ್ಲದಿದ್ದರೆ ವಿಂಡೋಸ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರಿನ ಪ್ರಾಪರ್ಟೀಸ್‌ಗೆ ಹೋಗಿ ಐಪಿವಿ6 ಮುಂದಿನ ಟಿಕ್ ತೆಗೆಯಬಹುದು. ವೈಫೈಗೆ ಒಂದು, ತಂತಿಗೆ ಒಂದು ಅಡಾಪ್ಟರ್ ಇರುತ್ತದೆ, ಎರಡರಲ್ಲೂ ತೆಗೆಯಬೇಕು.

ಎರಡನೆಯ ಅನುಮಾನ ವೆಬ್‌ಆರ್‌ಟಿಸಿ. ವಿಡಿಯೊ ಕರೆಗಾಗಿ ಬ್ರೌಸರ್‌ನಲ್ಲಿರುವ ಈ ವ್ಯವಸ್ಥೆ ಸ್ಟನ್ ಎಂಬ ಸರ್ವರನ್ನು ‘ನನ್ನ ಹೊರಗಿನ ವಿಳಾಸ ಯಾವುದು’ ಅಂತ ಯುಡಿಪಿ ಎಂಬ ಸಾಗಣೆ ವಿಧಾನದ ಮೂಲಕ ಕೇಳುತ್ತದೆ, ಉತ್ತರವನ್ನು ಪುಟದ ಸ್ಕ್ರಿಪ್ಟ್ ಓದಬಲ್ಲದು. 2015ರಲ್ಲಿ ಇದು ಬಯಲಾದಾಗ ದೊಡ್ಡ ಗದ್ದಲವೇ ಆಯಿತು, ಈಗಲೂ ವಿಪಿಎನ್ ಮಾರುವ ವಿಡಿಯೊಗಳಲ್ಲಿ ಇದನ್ನೇ ಗುಮ್ಮನ ಹಾಗೆ ತೋರಿಸುತ್ತಾರೆ. ನನ್ನ ಪ್ರಕಾರ ಈಗ ಅಷ್ಟು ಹೆದರಬೇಕಿಲ್ಲ. ಇಡೀ ಕಂಪ್ಯೂಟರಿನ ಟ್ರಾಫಿಕ್ ಒಯ್ಯುವ ಸರಿಯಾದ ವಿಪಿಎನ್ ಇದ್ದರೆ ಸ್ಟನ್ ಪ್ರಶ್ನೆಯೂ ಸುರಂಗದಲ್ಲೇ ಹೋಗುತ್ತದೆ, ಮನೆಯೊಳಗಿನ 192.168 ವಿಳಾಸವನ್ನು ಬ್ರೌಸರ್‌ಗಳೇ ಮರೆಮಾಡುತ್ತವೆ. ನಿಜವಾದ ಅಪಾಯ ಇರುವುದು ಬ್ರೌಸರ್ ಎಕ್ಸ್‌ಟೆನ್ಶನ್ ರೂಪದ ‘ವಿಪಿಎನ್’ಗಳಲ್ಲಿ. ಅವು ಹೆಸರಿಗೆ ವಿಪಿಎನ್, ಕೆಲಸದಲ್ಲಿ ಪ್ರಾಕ್ಸಿ, ಅಂದರೆ ಬ್ರೌಸರಿನ ಪುಟಗಳನ್ನಷ್ಟೇ ಬೇರೆ ಸರ್ವರ್ ಮೂಲಕ ತರಿಸುವಂಥವು. ಯುಡಿಪಿ ಅವುಗಳ ಕೈಗೆ ಸಿಗದೆ ನೇರ ಹೊರಗೆ ಹೋಗಬಹುದು. ಫೈರ್‌ಫಾಕ್ಸ್‌ನಲ್ಲಿ ಅಬೌಟ್ ಕಾನ್ಫಿಗ್ ಪುಟ ತೆರೆದು ಮೀಡಿಯಾ ಡಾಟ್ ಪಿಯರ್‌ಕನೆಕ್ಷನ್ ಡಾಟ್ ಎನೇಬಲ್ಡ್ ಅನ್ನುವುದನ್ನು ‘ಫಾಲ್ಸ್’ ಮಾಡಿದರೆ ವೆಬ್‌ಆರ್‌ಟಿಸಿ ಪೂರ್ತಿ ನಿಲ್ಲುತ್ತದೆ, ಜೊತೆಗೆ ಬ್ರೌಸರ್‌ನ ವಿಡಿಯೊ ಕರೆಯೂ ನಿಲ್ಲುತ್ತದೆ. ಬ್ರೇವ್‌ನಲ್ಲಿ ವೆಬ್‌ಆರ್‌ಟಿಸಿ ಐಪಿ ನಿಯಮದಡಿ ‘ಪ್ರಾಕ್ಸಿಯಿಲ್ಲದ ಯುಡಿಪಿ ಬೇಡ’ ಎಂಬ ಆಯ್ಕೆ ಇದೆ, ಅದು ಸಾಕು.

ಮೂರನೆಯದು ವಿಪಿಎನ್ ಕ್ಷಣಕಾಲ ಕಡಿದುಹೋಗುವುದು. ಕರೆಂಟು ಹೋಗಿ ರೂಟರ್ ಆಫ್ ಆಗಿ, ಯುಪಿಎಸ್‌ಗೆ ಬಂದು, ಮತ್ತೆ ವೈಫೈ ಸಿಗುವ ಹೊತ್ತಿಗೆ ತೆರೆದಿದ್ದ ಟ್ಯಾಬ್‌ಗಳು ವಿಪಿಎನ್‌ಗಿಂತ ಮೊದಲೇ ಎದ್ದು ಮಾತಾಡಿರುತ್ತವೆ. ಬೇಸಿಗೆಯ ಲೋಡ್ ಶೆಡ್ಡಿಂಗ್ ಹೊತ್ತಿನಲ್ಲಿ ಇದು ದಿನಕ್ಕೆ ನಾಲ್ಕು ಸಲ ಆಗಬಹುದು. ವಿಪಿಎನ್ ಕಡಿದಾಗ ಇಂಟರ್ನೆಟ್ಟನ್ನೇ ನಿಲ್ಲಿಸುವ ಕಿಲ್ ಸ್ವಿಚ್ ಇರುವುದೇ ಇದಕ್ಕೆ. ಆಂಡ್ರಾಯ್ಡ್‌ನಲ್ಲಿ ವಿಪಿಎನ್ ಸೆಟ್ಟಿಂಗಿನೊಳಗೆ ‘ಆಲ್ವೇಸ್ ಆನ್’ ಮತ್ತು ‘ವಿಪಿಎನ್ ಇಲ್ಲದ ಸಂಪರ್ಕ ತಡೆ’ ಅಂತ ಎರಡು ಸ್ವಿಚ್ ಇವೆ. ಮೊದಲನೆಯದನ್ನು ಮಾತ್ರ ಹಾಕಿದರೆ ಸಾಲದು.

‘ಭಾರತ’ ಅಂತ ಮಾತ್ರ ಗೊತ್ತಾಗುವ ದಾರಿಗಳು ಹಲವು. ಡಿಎನ್‌ಎಸ್ ನೋಡಿ: ಸೈಟಿನ ಹೆಸರನ್ನು ಐಪಿಗೆ ಬದಲಿಸುವ ಪ್ರಶ್ನೆ ನಿಮ್ಮ ಇಂಟರ್ನೆಟ್ ಕಂಪನಿಯ ಸರ್ವರಿಗೇ ಹೋಗುತ್ತಿದ್ದರೆ, ವೆಬ್‌ಸೈಟ್ ನಿಮಗೊಬ್ಬರಿಗೇ ಅಂತ ಹೊಸ ಉಪಹೆಸರೊಂದನ್ನು ಸೃಷ್ಟಿಸಿ, ಆ ಹೆಸರನ್ನು ಯಾವ ಡಿಎನ್‌ಎಸ್ ಸರ್ವರ್ ಬಂದು ಕೇಳಿತು ಅಂತ ನೋಡಿಕೊಳ್ಳುತ್ತದೆ. ಸೋರಿಕೆ ಪರೀಕ್ಷೆಯ ಪುಟಗಳು ಮಾಡುವುದೂ ಇದನ್ನೇ. ವಿಂಡೋಸ್ 8ರಿಂದ ಈಚೆಗೆ ಲಭ್ಯವಿರುವ ಎಲ್ಲ ಸಂಪರ್ಕಗಳಿಗೂ ಒಟ್ಟಿಗೆ ಡಿಎನ್‌ಎಸ್ ಪ್ರಶ್ನೆ ಕಳಿಸುವ ಚಾಳಿ ಬಂತು. ಓಪನ್‌ವಿಪಿಎನ್ ಎಂಬ ಇನ್ನೊಂದು ವಿಪಿಎನ್ ತಂತ್ರಾಂಶದ ಫೈಲಿನಲ್ಲಿ ‘ಬ್ಲಾಕ್ ಔಟ್‌ಸೈಡ್ ಡಿಎನ್‌ಎಸ್’ ಎಂಬ ಸಾಲು ಬಂದದ್ದು ಅದಕ್ಕೇ. ಇನ್ನೊಂದು ಹೆಚ್ಚು ಸಾಮಾನ್ಯ ತಪ್ಪು: ಮನೆಯ ಪ್ರಿಂಟರ್ ಕೆಲಸ ಮಾಡಲಿ ಅಂತ ವಿಪಿಎನ್‌ನಲ್ಲಿ ‘ಲೋಕಲ್ ನೆಟ್‌ವರ್ಕ್‌ಗೆ ಅನುಮತಿ’ ಕೊಟ್ಟಿರುತ್ತಾರೆ, ಕಂಪ್ಯೂಟರಿನ ಡಿಎನ್‌ಎಸ್ ಜಾಗದಲ್ಲಿ 192.168.1.1 ಅಂತ ಕೈಯಾರೆ ಬರೆದಿರುತ್ತಾರೆ. ಪ್ರಶ್ನೆ ರೂಟರಿಗೆ, ರೂಟರಿನಿಂದ ನೇರ ಕಂಪನಿಗೆ. ಡಿಎನ್‌ಎಸ್ ಅನ್ನು ‘ಆಟೊಮ್ಯಾಟಿಕ್’ ಮಾಡಿ, ವಿಪಿಎನ್ ಮತ್ತೆ ಜೋಡಿಸಿದರೆ ಮುಗಿಯಿತು.

ಗಡಿಯಾರದ್ದು ಇನ್ನೂ ಸರಳ. ಪುಟದ ಒಂದೇ ಸಾಲಿನ ಸ್ಕ್ರಿಪ್ಟ್, ಯಾವ ಅನುಮತಿಯೂ ಇಲ್ಲದೆ, ನಿಮ್ಮ ಸಮಯ ವಲಯ ‘ಏಷ್ಯಾ/ಕೋಲ್ಕತಾ’ ಅಂತ ಓದಿಬಿಡುತ್ತದೆ. ಕ್ರೋಮ್ ಇನ್ನೂ ಹಳೆಯ ‘ಕ್ಯಾಲ್ಕಟಾ’ ಹೆಸರನ್ನೇ ಹೇಳುವುದುಂಟು. ಐಪಿ ಆಮ್‌ಸ್ಟರ್‌ಡ್ಯಾಮ್‌ದು, ಗಡಿಯಾರ ಯುಟಿಸಿಗಿಂತ (ಜಗತ್ತಿನ ಆಧಾರ ಸಮಯ) 5 ಗಂಟೆ 30 ನಿಮಿಷ ಮುಂದೆ! ಆ ಅರ್ಧ ಗಂಟೆಯೇ ಸಾಕ್ಷಿ. ಈ ಸಮಯ ನಮ್ಮದು ಬಿಟ್ಟರೆ ಶ್ರೀಲಂಕಾದ್ದು. ಸಮಯ ವಲಯ ಬದಲಿಸಬಹುದು, ಆದರೆ ವಲಯವನ್ನು ಬದಲಿಸಿ, ಗಡಿಯಾರದ ಮುಳ್ಳನ್ನು ಕೈಯಾರೆ ತಿರುಗಿಸಬೇಡಿ. ಮುಳ್ಳು ತಿರುಗಿಸಿದರೆ ಅಥೆಂಟಿಕೇಟರ್‌ನ 6 ಅಂಕಿಯ ಕೋಡ್ ತಪ್ಪುತ್ತದೆ, ಭದ್ರ ಸೈಟುಗಳು ಪ್ರಮಾಣಪತ್ರದ ದೋಷ ತೋರಿಸುತ್ತವೆ. ಫೈರ್‌ಫಾಕ್ಸ್‌ನಲ್ಲಿ ‘ರೆಸಿಸ್ಟ್ ಫಿಂಗರ್‌ಪ್ರಿಂಟಿಂಗ್’ ಹಾಕಿದರೆ ಸೈಟುಗಳಿಗೆ ಯುಟಿಸಿ ಸಮಯ ಮಾತ್ರ ಕಾಣುತ್ತದೆ. ಬದಲಿಗೆ ವೆಬ್‌ಮೇಲ್‌ನಲ್ಲಿ ಬಂದ ಪತ್ರಗಳ ಹೊತ್ತು ಐದೂವರೆ ಗಂಟೆ ಹಿಂದೆ ಕಾಣಿಸುವುದನ್ನು ಸಹಿಸಿಕೊಳ್ಳಬೇಕು.

ಭಾಷೆಯೂ ಅಷ್ಟೇ. ಬ್ರೌಸರ್ ಪ್ರತಿ ಪುಟ ಕೇಳುವಾಗಲೂ ‘ಕನ್ನಡ, ಭಾರತ, ಇಂಗ್ಲಿಷ್, ಭಾರತ’ ಅಂತ ಆದ್ಯತೆಯ ಪಟ್ಟಿ ಕಳುಹಿಸುತ್ತದೆ. ಇದಕ್ಕಿಂತ ಗಮ್ಮತ್ತಿನದು ಫಾಂಟು. ನಿರ್ಮಲಾ ವಿಂಡೋಸ್ ಜೊತೆಗೇ ಬರುವಂಥದ್ದು, ಅದರಿಂದ ಹೆಚ್ಚೇನೂ ತಿಳಿಯದು. ಆದರೆ ‘ನುಡಿ 01 ಇ’ ಅಥವಾ ‘ಬಿಆರ್‌ಎಚ್ ಕನ್ನಡ’ ಇರುವ ಕಂಪ್ಯೂಟರ್ ಜಗತ್ತಿನಲ್ಲಿ ಎಲ್ಲಿದ್ದೀತು? ಪುಟದ ಸ್ಕ್ರಿಪ್ಟ್ ಒಂದು ಪದವನ್ನು ಆ ಫಾಂಟಿನಲ್ಲಿ ಬರೆಸಿ, ಅಗಲ ಬದಲಾಯಿತೇ ಅಂತ ಅಳೆದು ಫಾಂಟು ಇದೆಯೋ ಇಲ್ಲವೋ ಪತ್ತೆಮಾಡಬಲ್ಲದು. ಡಿಟಿಪಿ ಅಂಗಡಿಯ ಕಂಪ್ಯೂಟರ್ ಯಾವ ದೇಶದ ಐಪಿ ಹೊದ್ದುಕೊಂಡರೂ ಕರ್ನಾಟಕದ್ದೇ. ಸಾಮಾನ್ಯ ಸೈಟು ಇಷ್ಟು ದೂರ ಹೋಗುವುದಿಲ್ಲ ಅನ್ನಿ, ವಂಚನೆ ತಡೆಯುವ ವ್ಯವಸ್ಥೆಗಳು ಹೋಗುತ್ತವೆ.

ಫೋನಿನ ಆ್ಯಪ್‌ಗಳಿಗೆ ಇದ್ಯಾವುದರ ಹಂಗೂ ಇಲ್ಲ, ಸಿಮ್ ಕೇಳಿದರಾಯಿತು. ಆಂಡ್ರಾಯ್ಡ್‌ನಲ್ಲಿ ಸಿಮ್‌ನ ದೇಶ ಮತ್ತು ಕಂಪನಿಯ ಸಂಕೇತ ಓದಲು ಅನುಮತಿಯೇ ಬೇಕಿಲ್ಲ. ಭಾರತದ ಸಂಕೇತ 404 ಅಥವಾ 405, ಅದರ ಮುಂದಿನ ಅಂಕಿ ಕಂಪನಿ ಮತ್ತು ಸರ್ಕಲ್‌ದು (ಹೆಚ್ಚಾಗಿ ಒಂದು ರಾಜ್ಯದಷ್ಟು ಪ್ರದೇಶ). ಏರ್‌ಟೆಲ್ ಕರ್ನಾಟಕ 404-45, ಬಿಎಸ್‌ಎನ್‌ಎಲ್ ಕರ್ನಾಟಕ 404-71. ಅಂದರೆ ಲೊಕೇಶನ್ ಆಫ್, ವಿಪಿಎನ್ ಆನ್ ಇದ್ದರೂ ಆ್ಯಪ್‌ಗೆ ನಿಮ್ಮ ಸಿಮ್ ಯಾವ ರಾಜ್ಯದ್ದು ಅಂತ ಗೊತ್ತು. ಡೆವಲಪರ್ ಆಯ್ಕೆಯಲ್ಲಿ ಸುಳ್ಳು ಲೊಕೇಶನ್ ಆ್ಯಪ್ ಹಾಕುವವರಿಗೂ ಒಂದು ಮಾತು: ಆ ಲೊಕೇಶನ್ ಜೊತೆಗೆ ‘ಇದು ಕೃತಕ’ ಅನ್ನುವ ಗುರುತನ್ನೂ ಆಂಡ್ರಾಯ್ಡ್ ಆ್ಯಪ್‌ಗೆ ಕೊಡುತ್ತದೆ. ಹಣ ಕಟ್ಟುವಾಗ ಕಾರ್ಡಿನ ಮೊದಲ 6 ಅಥವಾ 8 ಅಂಕಿಯಿಂದಲೇ ಬ್ಯಾಂಕು, ದೇಶ ತಿಳಿಯುತ್ತದೆ. ಯುಪಿಐ ಒತ್ತಿದಿರೋ, ಕೇಳುವುದೇ ಬೇಡ.

ಇನ್ನು ‘ವಿಪಿಎನ್ ಆಫ್ ಮಾಡಿ’ ಅನ್ನುವ ಸೈಟುಗಳು. ಪ್ರತಿ ಐಪಿ ಯಾವ ಸಂಸ್ಥೆಯ ಹೆಸರಲ್ಲಿದೆ ಅನ್ನುವುದು ಬಹಿರಂಗ ದಾಖಲೆ. ಮನೆಗೆ ಇಂಟರ್ನೆಟ್ ಕೊಡುವ ಕಂಪನಿಯ ಬದಲು ಡೇಟಾ ಸೆಂಟರಿನ ಹೆಸರಿದ್ದರೆ ಅನುಮಾನ ಬರುತ್ತದೆ, ಅದೇ ಐಪಿಯಿಂದ ನೂರಾರು ಜನ ಬಂದಿದ್ದರೆ ಖಾತ್ರಿಯಾಗುತ್ತದೆ. ಪ್ಯಾಕೆಟ್ಟಿನ ಗಾತ್ರವೂ ಹೇಳುತ್ತದೆ: ಸಾಮಾನ್ಯ ಸಂಪರ್ಕದ ಮಿತಿ 1500 ಬೈಟ್, ವೈರ್‌ಗಾರ್ಡ್ ತನ್ನ ತಲೆಬರಹಕ್ಕೆ ಜಾಗ ಬಿಟ್ಟು 1420 ಮಾಡಿಕೊಳ್ಳುತ್ತದೆ, ಆಗ ಡೇಟಾವನ್ನು ತುಂಡುಮಾಡಿ ಸಾಗಿಸುವ ಟಿಸಿಪಿ ಹೇಳುವ ತುಂಡಿನ ಗಾತ್ರ 1460ರ ಬದಲು 1380 ಆಗುತ್ತದೆ. ಸಮಯ ಅಳೆದೂ ಹಿಡಿಯಬಹುದು. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅಂದರೆ 100 ಕಿಲೋಮೀಟರ್ ದೂರಕ್ಕೆ ಹೋಗಿಬರಲು ಕನಿಷ್ಠ 1 ಮಿಲಿಸೆಕೆಂಡ್. ಆಮ್‌ಸ್ಟರ್‌ಡ್ಯಾಮ್‌ನಲ್ಲೇ ಇರುವ ಸೈಟಿಗೆ ಆಮ್‌ಸ್ಟರ್‌ಡ್ಯಾಮ್ ಐಪಿಯಿಂದ ಉತ್ತರ ಬರಲು ನೂರಕ್ಕೂ ಹೆಚ್ಚು ಮಿಲಿಸೆಕೆಂಡ್ ಬೇಕಾದರೆ, ಮನುಷ್ಯ ಅಲ್ಲಿಲ್ಲ. ಇವಕ್ಕೆ ನಿಮ್ಮ ಕಡೆಯಿಂದ ಮಾಡಬಹುದಾದ್ದು ಹೆಚ್ಚಿಲ್ಲ.

ಗೂಗಲ್‌ನ ವಿಷಯದಲ್ಲಿ ಒಂದು ತಮಾಷೆಯೂ ಉಂಟು. ಒಂದೇ ಸರ್ವರನ್ನು ಭಾರತದವರೇ ಹೆಚ್ಚಾಗಿ ಬಳಸುತ್ತಿದ್ದು, ಅವರ ಫೋನುಗಳೆಲ್ಲ ಲೊಕೇಶನ್ ಕೊಡುತ್ತಿದ್ದರೆ, ಕಾಲಕ್ರಮೇಣ ಗೂಗಲ್ ಆ ಐಪಿಯನ್ನೇ ಭಾರತದ್ದು ಅಂದುಕೊಳ್ಳುತ್ತದೆ. ಇದೊಂದು ಸಂದರ್ಭದಲ್ಲಿ ಮಾತ್ರ ಸರ್ವರ್ ಬದಲಿಸುವುದೇ ಮದ್ದು.

ವಿದೇಶದಲ್ಲಿರುವ ಮಕ್ಕಳು ಇಲ್ಲಿನ ಸೈಟು ತೆರೆಯಲು ‘ಇಂಡಿಯಾ’ ಸರ್ವರ್ ಆರಿಸಿಕೊಳ್ಳುವುದುಂಟು, ಅವರಿಗೂ ತಿಳಿದಿರಲಿ. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು ಅಂತ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ನಿರ್ದೇಶನ ಹೊರಡಿಸಿದ ಮೇಲೆ ಎಕ್ಸ್‌ಪ್ರೆಸ್‌ವಿಪಿಎನ್, ನಾರ್ಡ್‌ವಿಪಿಎನ್, ಸರ್ಫ್‌ಶಾರ್ಕ್ ತಮ್ಮ ಭಾರತದ ಸರ್ವರ್‌ಗಳನ್ನು ಎತ್ತಿಬಿಟ್ಟವು. ಎಕ್ಸ್‌ಪ್ರೆಸ್‌ವಿಪಿಎನ್ ಆಮೇಲೆ ಕೊಟ್ಟ ‘ಇಂಡಿಯಾ’ ಸರ್ವರ್‌ಗಳ ಯಂತ್ರ ಸಿಂಗಪುರ ಮತ್ತು ಬ್ರಿಟನ್‌ನಲ್ಲಿದ್ದು, ಐಪಿಗೆ ಮಾತ್ರ ಭಾರತದ ದಾಖಲೆ ಇತ್ತು. ಅಂಥ ಐಪಿಯನ್ನು ಒಂದು ಸೈಟು ಭಾರತ ಅಂದರೆ ಇನ್ನೊಂದು ಸಿಂಗಪುರ ಅನ್ನಬಹುದು. ಯಾವ ಐಪಿ ಎಲ್ಲಿಯದು ಅಂತ ಹೇಳುವ ಪಟ್ಟಿಗಳಲ್ಲಿ ಯಾವ ಕಂಪನಿಯದನ್ನು ನೋಡಿದವು ಅನ್ನುವುದರ ಮೇಲೆ ಅದು ನಿಂತಿದೆ.

ಪರೀಕ್ಷೆಯ ಕ್ರಮ ಹೀಗಿರಲಿ. ವಿಪಿಎನ್ ಆಫ್ ಇದ್ದಾಗ ಐಪಿವಿ4, ಐಪಿವಿ6, ಡಿಎನ್‌ಎಸ್ ಮೂರನ್ನೂ ಬರೆದುಕೊಳ್ಳಿ. ಬ್ರೌಸರ್ ಪೂರ್ತಿ ಮುಚ್ಚಿ, ವಿಪಿಎನ್ ಹಾಕಿ, ಇನ್‌ಕಾಗ್ನಿಟೊದಲ್ಲಿ ಅದೇ ಪುಟ ತೆರೆಯಿರಿ. ಹಳೆಯ ಮೂರರಲ್ಲಿ ಯಾವುದಾದರೂ ಒಂದು ಹಾಗೇ ಉಳಿದಿದ್ದರೆ ಸೋರಿಕೆ ಅಲ್ಲೇ. ಮೂರೂ ಬದಲಾಗಿ, ಆದರೂ ಊರು ಕಂಡರೆ ಲೊಕೇಶನ್ ಅನುಮತಿ ಮತ್ತು ಖಾತೆ ಕಡೆ ಹೋಗಿ. ಮನೆಯ ವೈಫೈನಲ್ಲಿ ಒಮ್ಮೆ, ಮೊಬೈಲ್ ಡೇಟಾದಲ್ಲಿ ಒಮ್ಮೆ ಮಾಡಿ, ಏಕೆಂದರೆ ಐಪಿವಿ6 ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರಬಹುದು. ಮತ್ತು ಫೋನಿನಲ್ಲಿ ವಿಪಿಎನ್ ಹಾಕಿ ಅದರ ಹಾಟ್‌ಸ್ಪಾಟ್‌ಗೆ ಲ್ಯಾಪ್‌ಟಾಪ್ ಜೋಡಿಸಿದ್ದರೆ ಪರೀಕ್ಷೆಯೇ ಬೇಡ: ಆಂಡ್ರಾಯ್ಡ್‌ನಲ್ಲಿ ಸಾಮಾನ್ಯವಾಗಿ ಹಾಟ್‌ಸ್ಪಾಟ್‌ನ ಟ್ರಾಫಿಕ್ ಫೋನಿನ ವಿಪಿಎನ್ ಒಳಗೆ ಹೋಗುವುದಿಲ್ಲ, ನೇರ ಸಿಮ್‌ಗೆ ಹೋಗುತ್ತದೆ. ಲ್ಯಾಪ್‌ಟಾಪ್‌ನಲ್ಲೇ ಬೇರೆಯಾಗಿ ವಿಪಿಎನ್ ಹಾಕಬೇಕು.